ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ



ಈ ಅಂಕಣದಲ್ಲಿ ಸಾಮಾನ್ಯವಾಗಿ ಲೆಕ್ಕ, ಉದ್ರಿ, ತೆರಿಗೆಗಳ ಮಾತು ಬರುತ್ತದೆ. ಈ ಸಲ ಅಂಗಡಿಯ ಮೆಟ್ಟಿಲು ಹತ್ತಿ ಬರುವ ಒಬ್ಬ ಗಿರಾಕಿಯ ಬಗ್ಗೆ ಬರೆಯಬೇಕೆಂದಿದ್ದೇನೆ. ಕಂಕುಳಲ್ಲಿ ವರ್ಷ ತುಂಬದ ಮಗು, ಕೈಯಲ್ಲಿ ಚೀಲ, ಸೆರಗು ಹಿಡಿದು ಹಿಂದೆಯೇ ಬರುವ ನಾಲ್ಕು ವರ್ಷದ ಇನ್ನೊಂದು ಮಗು. ಹೊಸೂರು, ಕೃಷ್ಣಗಿರಿ, ಡೆಂಕಣಿಕೋಟೆ, ಶೂಲಗಿರಿಗಳಲ್ಲಿ ಅಂಗಡಿ ಇಟ್ಟವರು ಈಕೆಯನ್ನು ದಿನವೂ ಕಾಣುತ್ತೀರಿ. ಆಕೆ ಒಳಗೆ ಬಂದೊಡನೆ ನಮ್ಮ ಹುಡುಗರ ಕಣ್ಣು ಮಗುವಿನ ಕೈಯ ಮೇಲೆ ಹೋಗುತ್ತದೆ. "ಅಕ್ಕಾ, ಮಗೂನ ಸ್ವಲ್ಪ ಹಿಡ್ಕೊಳ್ಳಿ" ಎಂಬುದು ಆಕೆಗೆ ನಾವು ಆಡುವ ಮೊದಲ ಮಾತು. ನಮ್ಮ ಹಿರಿಯರ ಅಂಗಡಿಯಲ್ಲಿ ಮೊದಲ ಮಾತು "ಬನ್ನಿ, ಕೂತ್ಕೊಳ್ಳಿ" ಎಂದಿತ್ತು.

ಹಳೆಯ ಜವಳಿ ಅಂಗಡಿಯನ್ನು ಸ್ವಲ್ಪ ನೆನೆಸಿಕೊಳ್ಳಿ. ಬೆಂಗಳೂರಿನ ಚಿಕ್ಕಪೇಟೆಯ ಓಣಿಗಳಲ್ಲಿ ಅಂಥವು ಈಗಲೂ ಕೆಲವು ಉಳಿದಿವೆ. ನೆಲದ ತುಂಬ ಬಿಳಿ ಬಟ್ಟೆ ಹೊದಿಸಿದ ಗಾದಿ, ಗೋಡೆಗೆ ಒರಗಿಸಿದ ಲೋಡುಗಳು. ಚಪ್ಪಲಿ ಹೊರಗೆ ಬಿಟ್ಟು ಬಂದ ಗಿರಾಕಿ ಗಾದಿಯ ಮೇಲೆ ಕುಳಿತರೆ ಮಾರುವವರೂ ಎದುರಿಗೆ ಕುಳಿತೇ ಸೀರೆಯ ಮಡಿಕೆ ಬಿಚ್ಚುತ್ತಿದ್ದರು. ಮಗು ತೊಡೆಯ ಮೇಲೆ ಇರುತ್ತಿತ್ತು. ನಿದ್ದೆ ಬಂದರೆ ಲೋಡಿನ ಪಕ್ಕದಲ್ಲಿ ಮಲಗುತ್ತಿತ್ತು. ಬೀಳಲು ಎತ್ತರವಿರಲಿಲ್ಲ, ಒಡೆಯಲು ಗಾಜಿರಲಿಲ್ಲ. ಹಾಲು ಕೇಳಿ ಅತ್ತರೆ ಸಾಹುಕಾರರು ತಲೆ ಎತ್ತದೆಯೇ "ಒಳಗೆ ಹೋಗಮ್ಮ" ಎನ್ನುತ್ತಿದ್ದರು. ಒಳಗೆ ಎಂದರೆ ಮನೆ. ಅಂಗಡಿ ಮುಂದೆ, ಮನೆ ಹಿಂದೆ. ಇಲ್ಲವೇ ಅಂಗಡಿ ಕೆಳಗೆ, ಮನೆ ಮೇಲೆ. ಮನೆಯೊಡತಿ ಒಂದು ಚಾಪೆ ಹಾಸಿ, ನೀರು ಕೊಟ್ಟು, ಕದ ಮುಂದೆ ಮಾಡುತ್ತಿದ್ದಳು. ಇದಕ್ಕೆ ಗಿರಾಕಿ ಸೇವೆ ಎಂಬ ದೊಡ್ಡ ಹೆಸರೇನೂ ಇರಲಿಲ್ಲ.

ಆಮೇಲೆ ಅಂಗಡಿಗಳು ಬೆಳೆದವು, ಬೆಳೆಯಲೇಬೇಕಾಗಿತ್ತು. ಗಾದಿ ಹೋಗಿ ಕೌಂಟರು ಬಂತು, ಗಾಜಿನ ಕಪಾಟು ಬಂತು, ಹವಾನಿಯಂತ್ರಣ ಬಂತು. ಸಂಸಾರ ಬಡಾವಣೆಯ ಮನೆಗೆ ಹೋಯಿತು, ಅಂಗಡಿ ಪೇಟೆಯಲ್ಲೇ ಉಳಿಯಿತು. ಮನೆ ಬಿಟ್ಟುಹೋದ ಜಾಗ ಗೋದಾಮಾಯಿತು. ಅಂಗಡಿಯಿಂದ ಮನೆ ಹೊರಟುಹೋದಾಗ ಆ ಒಳಕೋಣೆಯೂ ಅದರ ಜೊತೆಗೇ ಹೋಯಿತು. ನಮ್ಮ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಖಾತೆ ಇರಲಿಲ್ಲವಾದ್ದರಿಂದ ನಷ್ಟವೂ ಎಲ್ಲಿಯೂ ಬರೆದಿಲ್ಲ.

ಈ ನಷ್ಟ ನಮ್ಮ ಸೀಮೆಯಲ್ಲಿ ಈಗ ಹೆಚ್ಚಾಗಿ ತಟ್ಟಲು ಕಾರಣಗಳಿವೆ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ವಸಾಹತು ಆರಂಭವಾದ ಮೇಲೆ ಹೊಸೂರು ಹಳೆಯ ಹೊಸೂರಾಗಿ ಉಳಿಯಲಿಲ್ಲ. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದವು. ಈಚಿನ ವರ್ಷಗಳಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಬಂತು, ಅಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. 2019ರಲ್ಲಿ ಊರು ಮಹಾನಗರ ಪಾಲಿಕೆಯೂ ಆಯಿತು. ಧರ್ಮಪುರಿಯ ಹಳ್ಳಿಯಿಂದಲೋ ಆಂಧ್ರದಿಂದಲೋ ಒಡಿಶಾದಿಂದಲೋ ಬಂದು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇರುವ ಎಳೆಯ ದಂಪತಿಗಳು ಈಗ ನಮ್ಮ ಗಿರಾಕಿಗಳು. ಆ ಮನೆಗಳಲ್ಲಿ ಅಜ್ಜಿ ಇಲ್ಲ. "ಮಗೂನ ನೋಡ್ಕೋ, ಬಟ್ಟೆ ತಗೊಂಡು ಬರ್ತೀನಿ" ಎಂದು ಹೇಳಲು ಯಾರೂ ಇಲ್ಲ. ತಾಯಿ ಪೇಟೆಗೆ ಬಂದರೆ ಮಗುವೂ ಬರಲೇಬೇಕು.

ಎರಡನೆಯದು ಬಸ್ಸು. 2021ರ ಮೇ ತಿಂಗಳಿನಲ್ಲಿ ತಮಿಳುನಾಡು ಸರ್ಕಾರ ಸಾಮಾನ್ಯ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವೆಂದು ಮಾಡಿತು. 2023ರ ಸೆಪ್ಟೆಂಬರಿನಿಂದ ಅರ್ಹ ಕುಟುಂಬಗಳ ಗೃಹಿಣಿಯರ ಖಾತೆಗೆ ತಿಂಗಳಿಗೆ 1,000 ರೂಪಾಯಿ ಹಾಕಲು ಆರಂಭಿಸಿತು. ರಾಜಕೀಯ ಏನೇ ಇರಲಿ, ವ್ಯಾಪಾರಿಯ ಕಣ್ಣಿನಿಂದ ನೋಡಿ. ಹಿಂದೆ ಗಂಡ ಸಂಬಳದ ದಿನ ಒಬ್ಬನೇ ಬಂದು ದಿನಸಿ, ಬಟ್ಟೆ ಕಟ್ಟಿಸಿಕೊಂಡು ಹೋಗುತ್ತಿದ್ದ ಮನೆಯಿಂದ ಈಗ ಹೆಂಡತಿ ಬರುತ್ತಾಳೆ. ಬಸ್ಸಿಗೆ ಖರ್ಚಿಲ್ಲ, ಕೈಯಲ್ಲಿ ತನ್ನದೇ ಎನ್ನುವ ಸ್ವಲ್ಪ ಹಣ ಇದೆ. ಕೆಲಮಂಗಲದಿಂದ, ಬಾಗಲೂರಿನಿಂದ ಮಗುವನ್ನೆತ್ತಿಕೊಂಡು ಬಂದವಳಿಗೆ ಬಾಗಿಲಲ್ಲಿ ಸಿಗುವುದು "ಮಗೂನ ಹಿಡ್ಕೊಳ್ಳಿ" ಎಂಬ ಮಾತು!

ಆಕೆಯ ಮಧ್ಯಾಹ್ನ ಹೇಗಿರುತ್ತದೆ ಎಂದು ಯೋಚಿಸಿದ್ದೀರಾ? ಹಸುಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಅಂದರೆ ಎರಡು ಮೂರು ಗಂಟೆಗೊಮ್ಮೆ. ಮೊದಲ ಆರು ತಿಂಗಳು ತಾಯಿಯ ಹಾಲು ಬಿಟ್ಟು ಬೇರೇನೂ, ನೀರೂ ಸಹ, ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇತ್ತ ಮದುವೆಯ ಜವಳಿ ತೆಗೆಯುವುದೆಂದರೆ ಮೂರು ಗಂಟೆಗೆ ಮುಗಿಯುವ ಕೆಲಸವೇ? ಧಾರೆ ಸೀರೆ, ಬೀಗರ ಸೀರೆ, ಉಡುಗೊರೆಯವು, ಗಂಡಿನ ಕಡೆಯವರ ಪಂಚೆ ಎಂದು ಎದ್ದೇಳುವಾಗ ಸಂಜೆಯಾಗಿರುತ್ತದೆ. ನಡುವೆ ಒಂದಲ್ಲ ಒಂದು ಸಲ ಮಗು ಹಾಲು ಕೇಳಿಯೇ ಕೇಳುತ್ತದೆ. ತಾಯಿ ಎಲ್ಲಿಗೆ ಹೋಗಬೇಕು? ಬಟ್ಟೆ ಹಾಕಿ ನೋಡುವ ಟ್ರಯಲ್ ರೂಮಿಗೆ ಹೋಗುತ್ತಾಳೆ. ಅಲ್ಲಿ ಕೂರಲು ಏನೂ ಇಲ್ಲ, ಗಾಳಿ ಇಲ್ಲ, ಎರಡು ನಿಮಿಷಕ್ಕೊಮ್ಮೆ ಯಾರೋ ಕದ ತಟ್ಟುತ್ತಾರೆ. ಇಲ್ಲವೇ ಮೆಟ್ಟಿಲ ಕೆಳಗೆ ಗೋಡೆಯ ಕಡೆಗೆ ಮುಖ ಮಾಡಿ ಕೂರುತ್ತಾಳೆ. ಇನ್ನೂ ಕೆಲವರು ವ್ಯಾಪಾರವನ್ನು ಅರ್ಧಕ್ಕೇ ಬಿಟ್ಟು, "ಮನೇಲಿ ಕೇಳ್ಕೊಂಡು ಬರ್ತೀವಿ" ಎಂದು ಎದ್ದು ಹೋಗುತ್ತಾರೆ. ನಾವು ಬೆಲೆ ಹೆಚ್ಚಾಯಿತೇನೋ ಎಂದುಕೊಳ್ಳುತ್ತೇವೆ.

ಇದು ಹಳ್ಳಿಗಾಡಿನ ಅಂಗಡಿಗಳ ಬಡತನದ ಮಾತಲ್ಲ. 2018ರಲ್ಲಿ ಕೋಲ್ಕತ್ತಾದ ದೊಡ್ಡ ಮಾಲೊಂದರಲ್ಲಿ ಮಗುವಿಗೆ ಹಾಲೂಡಿಸಲು ಜಾಗ ಕೇಳಿದ ತಾಯಿಗೆ ಶೌಚಾಲಯ ತೋರಿಸಿದ್ದು ದೇಶದಲ್ಲೆಲ್ಲ ಸುದ್ದಿಯಾಯಿತು. ನಾವು ಯಾರಾದರೂ ಶೌಚಾಲಯದಲ್ಲಿ ಕುಳಿತು ಊಟ ಮಾಡುತ್ತೇವೆಯೇ? 2025ರಲ್ಲಿ ಸುಪ್ರೀಂ ಕೋರ್ಟು ಸಾರ್ವಜನಿಕ ಸ್ಥಳಗಳಲ್ಲಿ ಹಾಲೂಡಿಸುವ ಕೋಣೆ, ಮಕ್ಕಳ ಆರೈಕೆಯ ಜಾಗ ಇರಬೇಕೆಂಬ ವಿಷಯವನ್ನು ವಿಚಾರಣೆಗೆ ತೆಗೆದುಕೊಂಡು, ಇದನ್ನು ಕಾರ್ಯಕ್ಕೆ ತರುವಂತೆ ರಾಜ್ಯಗಳಿಗೆ ತಿಳಿಸಲು ಕೇಂದ್ರಕ್ಕೆ ಸೂಚಿಸಿತು. ಅದಕ್ಕೂ ಹತ್ತು ವರ್ಷ ಮೊದಲೇ, 2015ರ ಆಗಸ್ಟಿನಲ್ಲಿ, ತಮಿಳುನಾಡಿನ ಬಸ್ ನಿಲ್ದಾಣಗಳಲ್ಲಿ ಮುನ್ನೂರಕ್ಕೂ ಹೆಚ್ಚು ಹಾಲೂಡಿಸುವ ಕೋಣೆಗಳನ್ನು ಅಂದಿನ ಮುಖ್ಯಮಂತ್ರಿ ಜಯಲಲಿತಾ ತೆರೆದಿದ್ದರು. ಸರ್ಕಾರ ಬಸ್ ನಿಲ್ದಾಣದಲ್ಲಿ ಕೊಟ್ಟ ಜಾಗವನ್ನು ನಾವು ನಮ್ಮ ಗಿರಾಕಿಗೆ ಕೊಡಲಾರೆವೇ?

"ಜಾಗ ಎಲ್ಲಿದೆ ಸ್ವಾಮಿ, ಚದರಡಿಗೆ ಬಾಡಿಗೆ ಎಷ್ಟು ಗೊತ್ತೇ?" ಎನ್ನುವವರಿಗಾಗಿ ಲೆಕ್ಕವನ್ನೇ ಹಾಕೋಣ. ಐದಡಿ ಉದ್ದ, ನಾಲ್ಕಡಿ ಅಗಲ ಸಾಕು. 20 ಚದರಡಿ ಆಯಿತು. ತಿಂಗಳಿಗೆ ಚದರಡಿಗೆ 60 ರೂಪಾಯಿ ಬಾಡಿಗೆ ಎಂದೇ ಇಟ್ಟುಕೊಳ್ಳಿ. ತಿಂಗಳಿಗೆ 1,200, ದಿನಕ್ಕೆ 40 ರೂಪಾಯಿ. ದಿನಕ್ಕೆ ಗಲ್ಲಾದ ಮೇಲೆ ತರಿಸಿ ಕುಡಿಯುವ ಚಹಾದ ಲೆಕ್ಕ ಇದಕ್ಕಿಂತ ಹೆಚ್ಚು. ಅರ್ಧಕ್ಕೆ ಎದ್ದುಹೋದ ಒಂದು ಮದುವೆ ಜವಳಿಯ ಲಾಭ ಎಷ್ಟು ತಿಂಗಳ 1,200 ಆಗುತ್ತದೆಂದು ನೀವೇ ಹೇಳಿ. ಮೂಲೆಗೆ ಒಂದು ಕಂಬಿ, ದಪ್ಪ ಬಟ್ಟೆಯ ಪರದೆ, ಬೆನ್ನಿಗೆ ಆಸರೆ ಇರುವ ಕುರ್ಚಿ, ಚಿಕ್ಕ ಫ್ಯಾನು, ಗೋಡೆಗೆ ಒಂದು ಮೊಳೆ. ಮಗುವಿನ ಬಟ್ಟೆ ಬದಲಿಸಲು ಸೊಂಟದೆತ್ತರಕ್ಕೆ ಅಂಚುಕಟ್ಟಿದ ಹಲಗೆ, ಮುಚ್ಚಳವಿರುವ ಕಸದ ಡಬ್ಬಿ. ಕ್ಯಾಮರಾ ಆ ಕಡೆಗೆ ತಿರುಗಿರಬಾರದು; ಇದನ್ನು ಮಾಲೀಕರೇ ಟಿವಿ ಪರದೆಯಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಒಂದು ಅನುಮಾನದ ಮಾತು ಹೊರಗೆ ಬಿದ್ದರೂ ಮೂವತ್ತು ವರ್ಷದ ಹೆಸರು ಹೋಗುತ್ತದೆ.

ಜವಳಿಯವರ ಮಾತಾಯಿತು. ನಮ್ಮಲ್ಲಿ ಗಿರವಿ ಅಂಗಡಿ ಇಟ್ಟವರೂ ಕಡಿಮೆಯಿಲ್ಲ, ಅವರಿಗೆ ಹೇಳಬೇಕಾದದ್ದು ಇನ್ನೂ ಹೆಚ್ಚು ಇದೆ. ಜವಳಿ ಅಂಗಡಿಗೆ ಹೆಂಗಸು ಸಂತೋಷಕ್ಕೆ ಬರುತ್ತಾಳೆ. ಗಿರವಿ ಅಂಗಡಿಗೆ ಬರುವುದು ಮಗುವಿಗೆ ಜ್ವರ ಬಂದಾಗ, ಶಾಲೆಯ ಶುಲ್ಕಕ್ಕೆ, ಬಾಡಿಗೆಗೆ. ಎಷ್ಟೋ ಸಲ ಅಡವಿಡುವುದೇ ಕಂಕುಳಲ್ಲಿರುವ ಮಗುವಿನ ಬಳೆ, ಉಡಿದಾರ. ನಮ್ಮ ಕಿಟಕಿಯಾದರೋ ಎದೆಮಟ್ಟಕ್ಕೆ, ಕಬ್ಬಿಣದ ಸರಳುಗಳ ಹಿಂದೆ. ಆಕೆ ಬೀದಿಯಲ್ಲಿ, ಬಿಸಿಲಲ್ಲಿ, ಹೋಗುವ ಬರುವವರೆಲ್ಲ ನೋಡುವಂತೆ ನಿಲ್ಲಬೇಕು. ಮಗುವನ್ನು ಎಡಗೈಯಲ್ಲಿ ಒತ್ತಿಕೊಂಡು ಬಲಗೈಯಲ್ಲಿ ಸಹಿಯೋ ಹೆಬ್ಬೆಟ್ಟೋ ಹಾಕಬೇಕು. ಆ ಅವಸರದಲ್ಲಿ ಚೀಟಿಯಲ್ಲಿ ಏನು ಬರೆದಿದೆ ಎಂದು ಓದುವವಳಾರು? 1943ರ ಗಿರವಿದಾರರ ಕಾಯಿದೆ ನಾವು ಚೀಟಿ ಕೊಡಲೇಬೇಕೆಂದು ಹೇಳುತ್ತದೆ. ಆಕೆ ಅದನ್ನು ಕುಳಿತು ಓದಿಕೊಳ್ಳುವ ಹಾಗೆ ಮಾಡುವುದು ನಮ್ಮ ಕೆಲಸ. ಭದ್ರತೆಗೆ ಸರಳು ಬೇಕು, ಒಪ್ಪುತ್ತೇನೆ. ಸರಳಿನ ಈಚೆಗೆ ಒಂದು ಸಣ್ಣ ಒಳಜಗುಲಿ, ಬೆಂಚು, ಬರೆಯಲು ತಗ್ಗಿನ ಹಲಗೆ ಇಟ್ಟರೆ ಭದ್ರತೆಗೇನೂ ಕುಂದಿಲ್ಲ. ಹೆಬ್ಬೆಟ್ಟಿನ ಮಸಿ ಒರೆಸಲು ಬಟ್ಟೆಯೂ ಇರಲಿ; ಆ ಕೈಯಲ್ಲೇ ಆಕೆ ಮಗುವಿನ ಬಾಯಿ ಒರೆಸುತ್ತಾಳೆ. ಬಿಡಿಸಿಕೊಳ್ಳಲು ಬಂದ ದಿನ ಆ ಬಳೆಯನ್ನು ಮಗುವಿನ ಕೈಗೆ ಅಲ್ಲಿಯೇ ಕುಳಿತು ತೊಡಿಸುವಷ್ಟು ಹೊತ್ತು ಕೊಡಿ.

ಔಷಧಿ ಅಂಗಡಿಯವರಿಗೆ ಒಂದು ಕಾನೂನಿನ ಎಚ್ಚರ. ಮಕ್ಕಳನ್ನು ಸ್ವಾಗತಿಸುವ ಉತ್ಸಾಹದಲ್ಲಿ ಹಾಲುಪುಡಿ ಡಬ್ಬಿಗಳ ಗೋಪುರ ಕಟ್ಟುವುದು, ಒಂದು ಕೊಂಡರೆ ಬಾಟಲಿ ಉಚಿತ ಎಂದು ಬರೆಯುವುದು ಬೇಡ. ಶಿಶುಗಳ ಹಾಲುಪುಡಿ, ಹಾಲಿನ ಬಾಟಲಿ, ಶಿಶು ಆಹಾರಗಳ ಕುರಿತ 1992ರ ಕಾಯಿದೆ, 2003ರ ತಿದ್ದುಪಡಿಯ ನಂತರ, ಎರಡು ವರ್ಷದೊಳಗಿನ ಮಕ್ಕಳ ಈ ಪದಾರ್ಥಗಳ ಜಾಹೀರಾತನ್ನೂ ಕೊಡುಗೆ, ಮಾದರಿ ಹಂಚಿಕೆಯನ್ನೂ ನಿಷೇಧಿಸಿದೆ. ಕೇಳಿದವರಿಗೆ ಮಾರಿ, ಅಷ್ಟೇ.

ಇನ್ನು ಮಗುವಿನ ಕಡೆಯಿಂದ ನೋಡೋಣ. ಒಂದು ಬೆಳಗ್ಗೆ ಬೋಣಿಗೆ ಮೊದಲು ನಿಮ್ಮ ಅಂಗಡಿಯ ನಡುವೆ ಕುಕ್ಕರಗಾಲಲ್ಲಿ ಕುಳಿತು ಸುತ್ತ ನೋಡಿ. ಎರಡೂವರೆ ಅಡಿ ಎತ್ತರದಿಂದ ಅಂಗಡಿ ಬೇರೆಯೇ ಕಾಣುತ್ತದೆ. ಗಾಜಿನ ಮೇಜಿನ ಚೂಪು ಮೂಲೆ ಸರಿಯಾಗಿ ಹಣೆಗೆ ಬರುತ್ತದೆ. ಪ್ಲಗ್ಗಿನ ತೂತು ಬೆರಳಿಗೆ ಸಿಗುತ್ತದೆ. ದಿನಸಿ ಅಂಗಡಿಯಲ್ಲಿ ಇಲಿ ಪಾಷಾಣವನ್ನೂ ಕಕ್ಕಸು ತೊಳೆಯುವ ಆಮ್ಲವನ್ನೂ ಕೆಳಗಿನ ಹಲಗೆಯಲ್ಲೇ ಇಡುವ ರೂಢಿ ಇದೆ, ಭಾರದ ಸಾಮಾನು ಕೆಳಗಿರಲಿ ಎಂದು. ಅವು ಮೇಲೆ ಹೋಗಲಿ. ಜವಳಿ ಅಂಗಡಿಯಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಸೀರೆಗಳ ನಡುವೆ ಇಡುವ ನ್ಯಾಫ್ತಲೀನಿನ ನುಸಿಗುಳಿಗೆ ಮಗುವಿನ ಕಣ್ಣಿಗೆ ಪೆಪ್ಪರಮಿಂಟೇ. ಬಾಯಿಗೆ ಹಾಕಿಕೊಂಡರೆ ರಕ್ತದ ಕೆಂಪುಕಣಗಳು ಒಡೆದುಹೋಗುವ ಅಪಾಯವಿದೆ. ಹುಟ್ಟಿನಿಂದಲೇ ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಿಗಂತೂ ಬಹಳ ಕಷ್ಟ. ಕೆಳಗಿನ ಅಂಕಣಗಳಿಂದ ಅವನ್ನು ಇಂದೇ ತೆಗೆಸಿ.

ಮಗುವನ್ನು ಕಂಡೊಡನೆ ಕೈಗೆ ಮಿಠಾಯಿ ಕೊಡುವುದು ನಮ್ಮ ಹಳೆಯ ಪದ್ಧತಿ, ಒಳ್ಳೆಯದೇ. ತಾಯಿಯನ್ನು ಕೇಳಿ ಕೊಡಿ, ತಾಯಿಯ ಕೈಗೆ ಕೊಡಿ. ನಾಲ್ಕೈದು ವರ್ಷದೊಳಗಿನವರಿಗೆ ಗುಂಡನೆಯ ಗಟ್ಟಿ ಪೆಪ್ಪರಮಿಂಟು, ಇಡೀ ಕಡಲೆಬೀಜ, ಗೋಡಂಬಿ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ನಮ್ಮ ಮನೆಗಳಲ್ಲಿ ಕಾಸಿ ಸೋಸಿದ ನೀರು ಕುಡಿಯುವ ವಾಡಿಕೆ ಇದೆಯಲ್ಲ, ಅದೇ ನೀರನ್ನು ಒಂದು ಮುಚ್ಚಿದ ಪಾತ್ರೆಯಲ್ಲಿ ಅಂಗಡಿಗೂ ತನ್ನಿ. ಹಾಲೂಡಿಸುವ ತಾಯಿಗೆ ಬಾಯಾರಿಕೆ ಬಹಳ.

ಆಟದ ಸಾಮಾನು ಇಡುವವರು ಐಎಸ್‌ಐ ಗುರುತು ನೋಡಿ ಕೊಳ್ಳಿ. 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ. ಬೆಂಗಳೂರಿನ ನಾಗಸಂದ್ರದಲ್ಲಿ 2022ರಲ್ಲಿ ತೆರೆದ ಐಕಿಯಾ ಮಳಿಗೆಯಲ್ಲಿ ಮಕ್ಕಳು ಆಡಲೆಂದೇ ದೊಡ್ಡ ಜಾಗ ಬಿಟ್ಟಿದ್ದಾರೆ. ಸ್ವೀಡನ್ನಿನವರು ಧರ್ಮಕ್ಕೆ ಹಾಗೆ ಮಾಡಿಲ್ಲ. ಮಗು ಆಡುವಷ್ಟು ಹೊತ್ತು ತಂದೆತಾಯಿ ಕೊಳ್ಳುತ್ತಾರೆ. ನಮಗೆ ಅಷ್ಟು ದೊಡ್ಡದು ಬೇಕಿಲ್ಲ. ಜಮಖಾನೆ, ನಾಲ್ಕು ಮರದ ಗೊಂಬೆ, ಬಳಪ, ಮರಿಹಲಗೆ ಇದ್ದರೆ ಅರ್ಧ ಗಂಟೆ ಕಳೆಯುತ್ತದೆ.

ಎಲ್ಲ ಅಂಗಡಿಗೂ ಮಗು ಬರಲಿ ಎಂದು ನಾನು ಹೇಳುವುದಿಲ್ಲ. ಪಟಾಕಿ ಮಳಿಗೆಗೆ ಮಕ್ಕಳನ್ನು ಬಿಡಲೇಬೇಡಿ. 2023ರ ಜುಲೈಯಲ್ಲಿ ಕೃಷ್ಣಗಿರಿಯ ಪಟಾಕಿ ಗೋದಾಮು ಸಿಡಿದದ್ದನ್ನೂ, ಅದೇ ಅಕ್ಟೋಬರಿನಲ್ಲಿ ಗಡಿಯಾಚೆಯ ಅತ್ತಿಬೆಲೆಯ ಮಳಿಗೆಗೆ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಜೀವಗಳು ಹೋದದ್ದನ್ನೂ ಈ ಸೀಮೆಯವರು ಮರೆತಿಲ್ಲ. ಅಲ್ಲಿ "ಮಗೂನ ಹೊರಗೆ ನಿಲ್ಲಿಸಿ ಅಕ್ಕಾ" ಎನ್ನುವುದೇ ದಯೆ. ಆಡಿ ರಿಯಾಯಿತಿಯ ಜನಜಂಗುಳಿಯಲ್ಲಿ ಮಗು ಕೈತಪ್ಪಿದರೆ ಗಲ್ಲಾದ ಪಕ್ಕದಲ್ಲೇ ಕೂರಿಸಿಕೊಂಡು ಮೈಕಿನಲ್ಲಿ ಕೂಗಿಸಿ. ಯಾರೂ ಬರದಿದ್ದರೆ 1098ಕ್ಕೆ ಫೋನು ಮಾಡಿ.

ಕೂರುವ ವಿಷಯ ಬಂದಾಗ ಇನ್ನೊಬ್ಬರನ್ನು ಮರೆಯಬಾರದು. ನಮ್ಮಲ್ಲಿ ದಿನವಿಡೀ ನಿಂತು ಮಾರುವ ಹೆಣ್ಣುಮಕ್ಕಳು. ಅವರಲ್ಲಿಯೂ ತಾಯಂದಿರಿದ್ದಾರೆ, ಬಸುರಿಯರಿದ್ದಾರೆ. 2018ರಲ್ಲಿ ಕೇರಳ, 2021ರಲ್ಲಿ ತಮಿಳುನಾಡು ಅಂಗಡಿಗಳ ಕಾಯಿದೆಗೆ ತಿದ್ದುಪಡಿ ತಂದು, ಕೆಲಸದವರಿಗೆ ಕೂರಲು ಆಸನ ಕೊಡಬೇಕೆಂದು ವಿಧಿಸಿವೆ. ಸ್ಟೂಲು ತರಿಸಿ ಮೂಲೆಯಲ್ಲಿಟ್ಟು, ಕೂತರೆ ಗದರುವ ಅಂಗಡಿಗಳನ್ನು ನಾನು ಬಲ್ಲೆ. ತಾನೇ ಆರು ಗಂಟೆ ನಿಂತವಳು ಗಿರಾಕಿಯ ಮಗುವಿನ ಕಡೆಗೆ ನಗುವುದಾದರೂ ಹೇಗೆ?

ಕಡೆಯದಾಗಿ ನಮ್ಮ ಮನೆಯ ಮಾತು. ಬಿಕಾಂ ಓದಿದ ಸೊಸೆ ಮದುವೆಯಾದ ಹೊಸತರಲ್ಲಿ ಅಂಗಡಿಗೆ ಬಂದು ಬಿಲ್ಲು, ಜಿಎಸ್‌ಟಿ ಎಲ್ಲ ನೋಡಿಕೊಳ್ಳುತ್ತಾಳೆ. ಮಗುವಾದ ಮೇಲೆ ನಿಲ್ಲಿಸುತ್ತಾಳೆ. "ಅವಳಿಗೆ ಈಗ ಆಸಕ್ತಿ ಇಲ್ಲ" ಎನ್ನುತ್ತೇವೆ. ಮಗುವನ್ನು ಇಟ್ಟುಕೊಳ್ಳಲು ಅಂಗಡಿಯಲ್ಲಿ ಜಾಗವಿತ್ತೇ ಎಂದು ಕೇಳಿಕೊಂಡವರು ಕಡಿಮೆ. ಗಿರಾಕಿಗಾಗಿ ಮಾಡಿದ ಆ 20 ಚದರಡಿಯಲ್ಲಿ ನಮ್ಮ ಮೊಮ್ಮಗನೂ ಮಧ್ಯಾಹ್ನ ಮಲಗಬಹುದು. ಫೋನಿನಲ್ಲಿ ಬಟ್ಟೆ ತರಿಸಿಕೊಳ್ಳುವ ಕಾಲದಲ್ಲಿ ನಮ್ಮ ಅಂಗಡಿಗೆ ಉಳಿದಿರುವ ಬಂಡವಾಳ ಮನುಷ್ಯರ ಮುಖ. ಮಗುವಿನ ತಾಯಿ ಇನ್ನೊಬ್ಬ ತಾಯಿಗೆ ಸೀರೆ ತೋರಿಸುವಾಗ ವ್ಯಾಪಾರ ಹೇಗೆ ನಡೆಯುತ್ತದೆಂದು ಗಲ್ಲಾದ ಮೇಲೆ ಕುಳಿತು ಒಮ್ಮೆ ನೋಡಿ.

ಕೋಣೆ ಮಾಡಿದ ಮೇಲೆ ಅದು ಇದೆ ಎಂದು ತಿಳಿಯಬೇಕಲ್ಲ. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬರೆಸಿ, ಓದು ಬಾರದವರಿಗಾಗಿ ತಾಯಿ ಮಗುವಿನ ಚಿತ್ರ ಹಾಕಿಸಿ, ಬಾಗಿಲಿನಿಂದಲೇ ಕಾಣುವಂತೆ ತೂಗುಹಾಕಿ. ಕೇಳಿ ಪಡೆಯುವ ಸಂಕೋಚವೇ ಅರ್ಧ ತೊಂದರೆ. ಬಸ್ ನಿಲ್ದಾಣಗಳ ಕೋಣೆಗಳಿಗೆ ಕೆಲವೆಡೆ ಬೀಗ ಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ನಮ್ಮಲ್ಲಿ ಬೀಗ ಹಾಕುವವರಿಲ್ಲ, ಆದರೆ ದೀಪಾವಳಿಯ ಸರಕು ಬಂದ ದಿನ ಗುಮಾಸ್ತರು ಮೊದಲು ಕಣ್ಣು ಹಾಕುವುದು ಆ ಮೂಲೆಯ ಮೇಲೆಯೇ. ಪೆಟ್ಟಿಗೆಗಳನ್ನು ಅಲ್ಲಿ ಒಟ್ಟಬಾರದೆಂದು ಅವರಿಗೆ ಈಗಲೇ ಹೇಳಿಡಿ.